ಪಿಎಚ್‌ಡಿಗೆ ದೇಶ ಹುಡುಕೋರು ಮೊದಲು ನೋಡ್ಬೇಕಾದ್ದು ಸ್ಟೈಪೆಂಡ್ ಅಲ್ಲ

ಪಿಎಚ್‌ಡಿಗೆ ಯಾವ ದೇಶ ಒಳ್ಳೇದು ಅನ್ನೋ ಮಾತು ಬಂದಾಗೆಲ್ಲ ಚರ್ಚೆ ಎರಡೇ ವಿಷಯದ ಸುತ್ತ ತಿರುಗತ್ತೆ, ಎಷ್ಟು ವರ್ಷ ಹಿಡಿಯತ್ತೆ ಮತ್ತೆ ಸ್ಟೈಪೆಂಡ್ ಎಷ್ಟು. ಎರಡೂ ಬೇಕಾದ್ದೇ, ಇಲ್ಲ ಅನ್ನಲ್ಲ. ಆದ್ರೆ ದಾರಿ ತೋರ್ಸೋರು, ಸಂಬಳಕ್ಕೆ ಸಹಿ ಹಾಕೋರು, ಕೊನೆಗೆ ಥೀಸಿಸ್ ಪಾಸು ಮಾಡೋರು, ಈ ಮೂರೂ ಒಬ್ಬರೇನಾ ಅಥವಾ ಬೇರೆ ಬೇರೆಯವರಾ ಅಂತ ಯಾರೂ ಕೇಳಲ್ಲ. ನನ್ನ ಪ್ರಕಾರ ಒಬ್ಬ ಸ್ಕಾಲರ್‌ನ ನಾಲ್ಕೈದು ವರ್ಷ ಹೇಗಿರತ್ತೆ ಅನ್ನೋದು ಇದರ ಮೇಲೇ ನಿಂತಿರೋದು.

ಬೇರು ಎಲ್ಲಾ ಕಡೆ ಒಂದೇ. 1810ರಲ್ಲಿ ಶುರುವಾದ ಬರ್ಲಿನ್ ವಿಶ್ವವಿದ್ಯಾಲಯದ ಕಾಲದಿಂದ ಜರ್ಮನಿಯಲ್ಲಿ ಬೆಳೆದ ಪದ್ಧತಿ ಇದು, ಅಮೆರಿಕದವರು ಅಲ್ಲಿ ಹೋಗಿ ಓದಿ ಬಂದು ತಮ್ಮಲ್ಲಿ ಶುರು ಮಾಡಿದ್ರು, ಯೇಲ್ 1861ರಲ್ಲಿ ಮೊದಲ ಪಿಎಚ್‌ಡಿ ಕೊಡ್ತು, 1876ರ ಜಾನ್ಸ್ ಹಾಪ್ಕಿನ್ಸ್ ಅಂತೂ ಆ ಜರ್ಮನ್ ಮಾದರಿ ನೋಡ್ಕೊಂಡೇ ಕಟ್ಟಿದ್ದು. ಬ್ರಿಟನ್ನಿಗೆ ಇದು ಬಂದಿದ್ದು 1917ರಲ್ಲಿ, ಆಕ್ಸ್‌ಫರ್ಡ್ ಮೂಲಕ.

ಜರ್ಮನಿಯಲ್ಲಿ ಈಗ್ಲೂ ತುಂಬಾ ಕಡೆ ಒಬ್ಬ ಪ್ರೊಫೆಸರ್ ಒಪ್ಪಿದ್ರೆ ದಾರಿ ತೆರೀತು ಅಂತ ಅರ್ಥ. ಅವರ ಕೈಕೆಳಗೇ ಅರ್ಧ ಇಲ್ಲಾ ಮುಕ್ಕಾಲು ಸಂಬಳದ ಹುದ್ದೆ, ಕೆಲಸ ಮಾತ್ರ ಪೂರ್ತಿ, ಥೀಸಿಸ್ ಬಗ್ಗೆ ಮೊದಲ ರಿಪೋರ್ಟ್ ಬರೆದು ಗ್ರೇಡ್ ಸೂಚಿಸೋದೂ ಸಾಮಾನ್ಯವಾಗಿ ಅವರೇ. ಅಂದ್ರೆ ಮೂರೂ ಅಧಿಕಾರ ಒಂದೇ ಕೈಯಲ್ಲಿ. ಒಳ್ಳೆ ಮನುಷ್ಯ ಸಿಕ್ರೆ ಸ್ವರ್ಗ, ಸಿಗ್ದೇ ಇದ್ರೆ ದೂರು ಹೇಳೋದು ಯಾರ ಹತ್ರ? ಇದು ಸಾಲದು ಅಂತ 2007ರ ಕಾನೂನೊಂದಿದೆ, ಇಂಥ ತಾತ್ಕಾಲಿಕ ಕಾಂಟ್ರ್ಯಾಕ್ಟ್ ಮೇಲೆ ಪಿಎಚ್‌ಡಿ ಮುಗಿಯೋ ತನಕ ಸಾಮಾನ್ಯವಾಗಿ ಹೆಚ್ಚೆಂದ್ರೆ ಆರು ವರ್ಷ, ಮುಗಿದ ಮೇಲೆ ಇನ್ನಾರು ವರ್ಷ ಮಾತ್ರ ಇರಬಹುದು. ಇದರ ವಿರುದ್ಧ 2021ರಲ್ಲಿ ಅಲ್ಲಿನ ಯುವ ಸಂಶೋಧಕರು 'ಇಶ್ ಬಿನ್ ಹನ್ನಾ' (ನಾನೇ ಹನ್ನಾ; ಈ ಕಾನೂನನ್ನ ವಿವರಿಸೋ ಸರ್ಕಾರಿ ವಿಡಿಯೋದಲ್ಲಿದ್ದ ಕಾಲ್ಪನಿಕ ಸಂಶೋಧಕಿ ಹೆಸರು ಹನ್ನಾ) ಅನ್ನೋ ಹ್ಯಾಷ್‌ಟ್ಯಾಗಿನಡಿ ತಮ್ಮ ತಮ್ಮ ಕಥೆ ಬರೆದ್ರು.

ಬ್ರಿಟನ್ನಿನಲ್ಲಿ ಒಂದು ವಿಷಯ ನನಗೆ ತುಂಬಾ ಇಷ್ಟ, ಗೈಡ್ ಆದವರು ಪರೀಕ್ಷಕರಾಗೋ ಹಾಗಿಲ್ಲ. ಸಾಮಾನ್ಯವಾಗಿ ಒಳಗಿನವರೊಬ್ಬರು ಹೊರಗಿನವರೊಬ್ಬರು ಕೂತು ವೈವಾ ಮಾಡ್ತಾರೆ, ತಿದ್ದುಪಡಿ ಹೇಳ್ತಾರೆ, ತೀರ್ಮಾನ ಅವರದ್ದೇ. ಆದ್ರೆ ಅದು ನಡೆಯೋದು ಮುಚ್ಚಿದ ಬಾಗಿಲ ಹಿಂದೆ, ಏನಾದ್ರೂ ಅನ್ಯಾಯ ಆದ್ರೆ ನೋಡೋಕೆ ಸಭಿಕರಿಲ್ಲ. ನೆದರ್ಲ್ಯಾಂಡ್ಸ್ ಇದಕ್ಕೆ ಪೂರ್ತಿ ಉಲ್ಟಾ, ಅಲ್ಲಿ ಕಮಿಟಿ ಥೀಸಿಸ್ ಒಪ್ಪಿದ ಮೇಲೇನೇ ಡಿಫೆನ್ಸ್, ಅಂದ್ರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಥೀಸಿಸ್ ಸಮರ್ಥಿಸ್ಕೊಳ್ಳೋದು, ಅದೂ ಎಲ್ಲರೆದುರು. ಟೈಮ್ ಮುಗಿದ ತಕ್ಷಣ ವಿಶ್ವವಿದ್ಯಾಲಯದ ದಂಡಧಾರಿ ಒಳಗೆ ಬಂದು ಲ್ಯಾಟಿನ್ನಲ್ಲಿ 'ಹೋರಾ ಎಸ್ಟ್' (ಸಮಯ ಆಯ್ತು) ಅಂತ ಘೋಷಿಸ್ತಾರೆ, ಅಲ್ಲಿಗೆ ಪ್ರಶ್ನೋತ್ತರ ಮುಗೀತು.

ನನ್ನ ಮನಸ್ಸು ನಿಂತಿರೋದು ಸ್ವೀಡನ್ ಮೇಲೆ. 1998ರ ಸುಧಾರಣೆ ಆದ ಮೇಲೆ ಅಲ್ಲಿ ಹಣದ ವ್ಯವಸ್ಥೆ ಖಚಿತ ಆಗದೆ ಯಾರನ್ನೂ ಸೇರಿಸ್ಕೊಳ್ಳೋ ಹಾಗಿಲ್ಲ. ಹೆಚ್ಚಿನವರು ವಿಶ್ವವಿದ್ಯಾಲಯದ ನೌಕರರೇ, ನಾಲ್ಕು ವರ್ಷದ ಪೂರ್ಣಾವಧಿ ಓದು, ಪಾಠ ಮಾಡಿದ್ರೆ ಅಷ್ಟು ಸಮಯ ಸೇರಿ ಐದರವರೆಗೆ ಹೋಗತ್ತೆ. ಪ್ರತಿಯೊಬ್ಬರಿಗೂ ಕನಿಷ್ಠ ಇಬ್ಬರು ಗೈಡ್. ಇದಕ್ಕಿಂತ ದೊಡ್ಡದು ಇನ್ನೊಂದು, ಸ್ಕಾಲರ್ ಕೇಳಿದ್ರೆ ಗೈಡ್ ಬದಲಾಯಿಸ್ಲೇಬೇಕು ಅಂತ ಅಲ್ಲಿನ ಉನ್ನತ ಶಿಕ್ಷಣ ನಿಯಮದಲ್ಲೇ ಬರೆದಿದೆ! ಬೇರೆ ಎಷ್ಟೋ ಕಡೆ ಯಾರ್ಯಾರ ಕೈಕಾಲು ಹಿಡಿದ್ರೂ ಆಗದ ಕೆಲಸ ಇದು. ಡಿಫೆನ್ಸಿಗೆ ಕೆಲವು ವಾರ ಇರುವಾಗ ಥೀಸಿಸ್ ಪ್ರತಿಯನ್ನ ನಿಜವಾಗ್ಲೂ ಮೊಳೆ ಹೊಡೆದು ಗೋಡೆಗೆ ತೂಗು ಹಾಕೋ ಪದ್ಧತಿ ಇದೆ, ಯಾರು ಬೇಕಾದ್ರೂ ಓದಿ ಬಂದು ಸಭೆಯಲ್ಲಿ ಪ್ರಶ್ನೆ ಕೇಳಬಹುದು. ಪಾಸೋ ಫೇಲೋ ಹೇಳೋದು ಮೂರು ಅಥವಾ ಐದು ಜನರ ಕಮಿಟಿ. ಹೌದು, ಇಷ್ಟೆಲ್ಲಾ ಇರೋದ್ರಿಂದ ಸೀಟು ಕಡಿಮೆ, ಒಳಗೆ ಹೋಗೋದೇ ಕಷ್ಟ. ಆದ್ರೂ ಬಾಗಿಲಲ್ಲೇ ಇಲ್ಲ ಅನ್ನಿಸ್ಕೊಳ್ಳೋದು ಆರನೇ ವರ್ಷದಲ್ಲಿ ಹಣ ನಿಂತು ಅರ್ಧಕ್ಕೆ ಬಿಡೋದಕ್ಕಿಂತ ಎಷ್ಟೋ ವಾಸಿ ಅಂತ ನಾನಂತೂ ನಂಬಿದೀನಿ.

ಅಮೆರಿಕದಲ್ಲಿ ಪದವಿ ಮುಗಿಸಿ ನೇರ ಸೇರಬಹುದು, ಮೊದಲೆರಡು ವರ್ಷ ಕೋರ್ಸ್‌ವರ್ಕ್, ಆಮೇಲೆ ಕ್ವಾಲಿಫೈಯಿಂಗ್ ಪರೀಕ್ಷೆ. ವಿಷಯ ಇನ್ನೂ ಗಟ್ಟಿಯಾಗದೋರಿಗೆ ಇದು ತುಂಬಾ ಒಳ್ಳೇದು. ಕಮಿಟಿಯೂ ಇರತ್ತೆ, ಆದ್ರೆ ಸಾಮಾನ್ಯವಾಗಿ ಗೈಡೇ ಅದರ ಅಧ್ಯಕ್ಷರಾಗಿರ್ತಾರೆ, ಲ್ಯಾಬ್ ವಿಷಯಗಳಲ್ಲಿ ಸಂಬಳ ಬರೋದೂ ಹೆಚ್ಚಾಗಿ ಅವರಿಗೆ ಸಿಕ್ಕ ಸಂಶೋಧನಾ ಗ್ರ್ಯಾಂಟಿಂದಾನೇ. ಹೊರದೇಶದವರಿಗೆ ವೀಸಾ ಚಿಂತೆ ಬೇರೆ. ಅದಕ್ಕೇ ಅಲ್ಲಿ ಯೂನಿಯನ್ ಕಟ್ಟಿದ್ದಾರೆ, 2022ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸುಮಾರು 48,000 ಜನ ವಾರಗಟ್ಟಲೆ ಮುಷ್ಕರ ಮಾಡಿ ಸಂಬಳ ಜಾಸ್ತಿ ಮಾಡಿಸ್ಕೊಂಡ್ರು.

ಹಾಗಾಗಿ ಆಫರ್ ಲೆಟರ್ ಕೈಗೆ ಬಂದವರಿಗೆ ನಾನು ಹೇಳೋದು ಇಷ್ಟೇ. ಆ ಗುಂಪಿನಲ್ಲಿ ಮುಗಿಸಿದವರನ್ನ ಕೇಳಿ, ಅರ್ಧಕ್ಕೆ ಬಿಟ್ಟು ಹೋದವರನ್ನ ಹುಡುಕಿ ಇನ್ನೂ ಗಮನ ಕೊಟ್ಟು ಕೇಳಿ. ಗೈಡ್ ಜೊತೆ ಸರಿ ಹೋಗ್ಲಿಲ್ಲ ಅಂದ್ರೆ ಮಾರನೇ ತಿಂಗಳ ಸಂಬಳ ಎಲ್ಲಿಂದ ಬರತ್ತೆ, ಯಾರ ಹತ್ರ ಹೋಗಿ ಮಾತಾಡ್ಬೇಕು ಅಂತ ಡಿಪಾರ್ಟ್‌ಮೆಂಟಿಗೆ ಮೇಲ್ ಹಾಕಿ, ಉತ್ತರ ಬರೋ ತನಕ ಸಹಿ ಮಾಡ್ಬೇಡಿ.