ಶಿಕ್ಷಕರ ಕ್ಷೇತ್ರಕ್ಕೆ ಶಿಫಾರಸು ಪತ್ರದ ಮೇಷ್ಟ್ರು ಸಾಕೇ?

ಶಿಕ್ಷಕರ ಸಂಘದ ಅಧ್ಯಕ್ಷರು ಎಂಎಲ್‌ಸಿ (ವಿಧಾನ ಪರಿಷತ್ ಸದಸ್ಯ) ಆದರೆ ನಮ್ಮ ಕೆಲಸ ಆದಂತೆಯೇ ಅನ್ನುವ ಮಾತು ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಪ್ರತಿ ಚುನಾವಣೆಯಲ್ಲೂ ಸ್ಟಾಫ್ ರೂಮಿನಲ್ಲಿ ಕೇಳಿಬರುತ್ತದೆ. ಅದು ಅರ್ಧ ನಿಜ. ಸಂಘದಲ್ಲಿ ಪಳಗಿದವರಿಗೆ ಕಡತ ಗೊತ್ತು. ಬಡ್ತಿ ವೇತನ ಯಾವ ಟೇಬಲ್ಲಿನಲ್ಲಿ ನಿಂತಿದೆ, ಸೇವಾ ಪುಸ್ತಕದಲ್ಲಿ ಯಾವ ನಮೂದು ಬಿಟ್ಟುಹೋಗಿದೆ, ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಜಿಲ್ಲೆಯ ಡಿಡಿಪಿಐ (ಉಪನಿರ್ದೇಶಕರ) ಕಚೇರಿಗೆ ಹೋದ ಪತ್ರ ಯಾಕೆ ವಾಪಸ್ ಬಂತು, ಎಲ್ಲ ಬಾಯಲ್ಲೇ ಇರುತ್ತದೆ. ತೊಂದರೆ ಏನೆಂದರೆ, ಇದೇ ಅಭ್ಯಾಸವನ್ನು ಸದನಕ್ಕೂ ಹೊತ್ತುಕೊಂಡು ಹೋಗುತ್ತಾರೆ. ಒಬ್ಬೊಬ್ಬರ ಕಡತ ಬಿಡಿಸುವುದು ಸಂಘದ ಕೆಲಸ. ಆ ಕಡತ ಸಿಕ್ಕಿಬೀಳುವಂತೆ ಮಾಡಿದ ನಿಯಮವನ್ನು ತಿದ್ದುವುದು ಶಾಸಕರ ಕೆಲಸ.

ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಶಿಕ್ಷಕರದ್ದು 7. ಸಂವಿಧಾನದ 171ನೇ ವಿಧಿಯ ಪ್ರಕಾರ ಪ್ರೌಢಶಾಲೆಗಿಂತ ಕೆಳಗಲ್ಲದ ಸಂಸ್ಥೆಯಲ್ಲಿ ಕನಿಷ್ಠ 3 ವರ್ಷ ಪಾಠ ಮಾಡಿದವರಿಗಷ್ಟೇ ಮತ. ಅಂದರೆ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುವವರು ಶಿಕ್ಷಕರ ಕ್ಷೇತ್ರದ ಮತದಾರರೇ ಅಲ್ಲ! ಡಿಗ್ರಿ ಇದ್ದರೆ ಪದವೀಧರ ಕ್ಷೇತ್ರಕ್ಕೆ ಹೋಗಿ ಓಟು ಹಾಕಬೇಕು. ಇನ್ನು ನಿಲ್ಲುವವರು ಶಿಕ್ಷಕರೇ ಆಗಿರಬೇಕೆಂಬ ಷರತ್ತೂ ಇಲ್ಲ. 30 ವರ್ಷ ತುಂಬಿ, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಆಯಿತು. ಪದವೀಧರ ಕ್ಷೇತ್ರದ ಅಭ್ಯರ್ಥಿ ಪದವೀಧರನೇ ಆಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಹಾಗಾಗಿಯೇ ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದು 1980ರಿಂದ 2022ರವರೆಗೆ ಪಶ್ಚಿಮ ಶಿಕ್ಷಕರ ಕ್ಷೇತ್ರವನ್ನು 8 ಸಲ ಗೆದ್ದ ಬಸವರಾಜ ಹೊರಟ್ಟಿಯವರೂ, ಸಂಸದರಾಗಿದ್ದು 2022ರಲ್ಲಿ ವಾಯವ್ಯ ಶಿಕ್ಷಕರ ಕ್ಷೇತ್ರದಿಂದ ಬಂದ ಪ್ರಕಾಶ ಹುಕ್ಕೇರಿಯವರೂ ಒಂದೇ ಬಾಗಿಲಿನಿಂದ ಒಳಗೆ ಬಂದವರು. ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಮಾತ್ರ ಆ ಬಾಗಿಲು ಕಿರಿದು. ನೌಕರಿಯಲ್ಲಿದ್ದುಕೊಂಡು ನಿಲ್ಲುವಂತಿಲ್ಲ, ನಾಮಪತ್ರ ಪರಿಶೀಲನೆಯ ಹೊತ್ತಿಗೆ ರಾಜೀನಾಮೆ ಅಂಗೀಕಾರವಾಗಿರಬೇಕು. ಸೋತರೆ ಸಂಬಳವೂ ಇಲ್ಲ, ಸ್ಥಾನವೂ ಇಲ್ಲ.

ಸಂಘಟನೆ ಇದ್ದವರು ಗೆಲ್ಲುವುದು ಭಾಷಣದಿಂದಲ್ಲ, ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 19ರಿಂದ. ಈ ಕ್ಷೇತ್ರದ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ‘ಹೋದ ಸಲ ಹೆಸರಿತ್ತು’ ಎಂದು ಕೂತವರ ಹೆಸರು ಈ ಸಲ ಇರುವುದಿಲ್ಲ. ನವೆಂಬರ್ 1ಕ್ಕೆ ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷ ಬೋಧಿಸಿರಬೇಕು, ಅದಕ್ಕೆ ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರ ಬೇಕು. ಪ್ರಾಥಮಿಕದಿಂದ ಬಡ್ತಿ ಪಡೆದು ಪ್ರೌಢಶಾಲೆಗೆ ಬಂದು ಎರಡೇ ವರ್ಷವಾದವರು ಇಲ್ಲಿ ಎಡವುತ್ತಾರೆ. ನೇಮಕಾತಿ ಆದೇಶವನ್ನೇ ಕೊಡದ ಆಡಳಿತ ಮಂಡಳಿಯ ಕೈಕೆಳಗಿನ ಅನುದಾನರಹಿತ ಶಾಲೆಯವರು ಪ್ರಮಾಣಪತ್ರ ಕೇಳಲೂ ಹೆದರುತ್ತಾರೆ. ತಾಲ್ಲೂಕಿಗೊಬ್ಬ ನಂಬಿಕಸ್ಥನನ್ನಿಟ್ಟು ಶಾಲೆ ಶಾಲೆ ಸುತ್ತಿಸಿ ಅರ್ಜಿ ತುಂಬಿಸಿದವನಿಗೆ ಅರ್ಧ ಚುನಾವಣೆ ಅಲ್ಲೇ ಮುಗಿದಿರುತ್ತದೆ.

ಉಳಿದರ್ಧ ಮತಗಟ್ಟೆಯಲ್ಲಿ. ಮತಪತ್ರದಲ್ಲಿ ಚಿಹ್ನೆ ಇಲ್ಲ. ಅಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದಲೇ ಇಷ್ಟದ ಕ್ರಮದಲ್ಲಿ 1, 2, 3 ಎಂದು ಅಂಕಿ ಬರೆಯಬೇಕು. ಟಿಕ್ ಹಾಕಿದರೆ, ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಇಬ್ಬರ ಮುಂದೆ 1 ಹಾಕಿದರೆ, ಸಹಿ ಮಾಡಿದರೆ ಮತ ತಿರಸ್ಕೃತ. ವರ್ಷವಿಡೀ ಮಕ್ಕಳ ಉತ್ತರ ಪತ್ರಿಕೆ ತಿದ್ದುವವರೂ ಇಲ್ಲಿ ತಪ್ಪುತ್ತಾರೆ, ಕೈಗೆ ಟಿಕ್ ಹಾಕಿ ರೂಢಿ ನೋಡಿ! ಎರಡನೇ ಪ್ರಾಶಸ್ತ್ಯದ ಬೆಲೆಯಂತೂ ಬಹಳ ಜನಕ್ಕೆ ತಿಳಿದಿಲ್ಲ. ಸಿಂಧುವಾದ ಮತ 1000 ಎಂದುಕೊಳ್ಳಿ, ಗೆಲ್ಲಲು 501 ಬೇಕು. ಮೊದಲ ಸುತ್ತಿನಲ್ಲಿ ಒಬ್ಬರಿಗೆ 420, ಇನ್ನೊಬ್ಬರಿಗೆ 350, ಮೂರನೆಯವರಿಗೆ 230. ಮೂರನೆಯವರು ಹೊರಬಿದ್ದಾಗ ಅವರ ಮತಪತ್ರಗಳಲ್ಲಿ 160 ಎರಡನೆಯವರಿಗೆ, 30 ಮೊದಲಿನವರಿಗೆ ಹೋಗಿ, 40ರಲ್ಲಿ ಎರಡನೇ ಅಂಕಿಯೇ ಇಲ್ಲದಿದ್ದರೆ, 510 ಮತ ಸಿಕ್ಕವರು ಗೆದ್ದರು, ಮುಂದಿದ್ದವರು 450ಕ್ಕೆ ನಿಂತರು. ‘ನನಗೆ ಮಾತ್ರ 1 ಹಾಕಿ, ಬೇರೆ ಯಾರಿಗೂ ಏನೂ ಬೇಡ’ ಎನ್ನುವ ಅಭ್ಯರ್ಥಿ ತನ್ನ ಲೆಕ್ಕ ಹೇಳುತ್ತಿದ್ದಾನೆ, ನಿಮ್ಮದಲ್ಲ.

ಗೆದ್ದ ಮೇಲೆ ಏನು ಮಾಡಬಹುದು? ಹಣ ಮಸೂದೆಯನ್ನು (ತೆರಿಗೆ, ಸರ್ಕಾರಿ ಖರ್ಚಿನದು) ಪರಿಷತ್ತು 14 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾಗದು, ಇಲಾಖೆಗಳ ಖರ್ಚಿಗೆ ಹಣ ಕೇಳುವ ಅನುದಾನ ಬೇಡಿಕೆಗಳಿಗೆ ಮತ ಹಾಕುವ ಅಧಿಕಾರವೂ ಅದಕ್ಕಿಲ್ಲ. ಶಿಕ್ಷಕರ ದೊಡ್ಡ ಬೇಡಿಕೆಗಳೋ ಎಲ್ಲವೂ ಹಣದ್ದೇ. 2006ರ ಏಪ್ರಿಲ್ 1ರಿಂದ ಸೇರಿದವರ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ರದ್ದತಿ ಇರಲಿ, 1995ರ ನಂತರ ಶುರುವಾದ ಖಾಸಗಿ ಶಾಲೆಗಳಿಗೆ ಅನುದಾನ ಇರಲಿ, ಆರ್ಥಿಕ ಇಲಾಖೆಯ ಸಹಮತಿ ಇಲ್ಲದೆ ಒಂದು ಹೆಜ್ಜೆ ಮುಂದೆ ಹೋಗದು. ಇವನ್ನು ‘ಗೆದ್ದ ಮರುದಿನವೇ ಮಾಡಿಸುತ್ತೇನೆ’ ಅನ್ನುವವರ ಮಾತಿಗೆ ಕಿಮ್ಮತ್ತಿಲ್ಲ.

ಕಾಲ್ಪನಿಕ ವೇತನದ ಕತೆ ನೋಡಿ. ಶಾಲೆ ಅನುದಾನಕ್ಕೆ ಒಳಪಡುವ ಮೊದಲು ಬಿಡಿಗಾಸಿಗೆ ದುಡಿದ ವರ್ಷಗಳನ್ನೂ ವೇತನ ನಿಗದಿಗೆ ಹಿಡಿಯಬೇಕೆಂಬುದು ಅನುದಾನಿತ ಶಾಲೆಯವರ ಹಳೇ ಕೂಗು. ಆ ಸೇವೆ ಲೆಕ್ಕಕ್ಕಿಲ್ಲ ಎಂದು ಅನುದಾನಿತ ಸಂಸ್ಥೆಗಳ ನೌಕರರ ವೇತನ, ಪಿಂಚಣಿ ಕುರಿತ 2014ರ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಹಾಕಿದ ಬೀಗವನ್ನು ಆಯುಕ್ತರಿಗೆ ಬರೆದ ಮನವಿ ತೆಗೆಯದು, ತಿದ್ದುಪಡಿಯೇ ಬೇಕು. ವರ್ಗಾವಣೆಯಲ್ಲಿ ಇದಕ್ಕೆ ತಿರುಗುಮುರುಗು. 2007ರ ಕಾಯ್ದೆ, ಆಮೇಲೆ 2020ರ ಕಾಯ್ದೆ ಸರದಿಯಂತೆ ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗ್ ತಂದು ಶಾಸಕರ ಶಿಫಾರಸು ಪತ್ರದ ಬೆಲೆ ಇಳಿಸಿದವು. ಈಗ ಪತ್ರಗಳು ‘ನಿಯೋಜನೆ’ ಎಂಬ ಹಿತ್ತಿಲ ಬಾಗಿಲಿನಿಂದ ಬರುತ್ತವೆ. ಹಳ್ಳಿ ಶಾಲೆಯ ಹುದ್ದೆಯಲ್ಲಿ ಸಂಬಳ, ಪಟ್ಟಣದ ಶಾಲೆಯಲ್ಲಿ ಹಾಜರಿ. ಹುದ್ದೆ ಭರ್ತಿ ಅಂತಲೇ ಕಾಗದದಲ್ಲಿ ಇರುವುದರಿಂದ ಆ ಹಳ್ಳಿಗೆ ಗಣಿತದ ಮೇಷ್ಟ್ರು ಬರುವುದೇ ಇಲ್ಲ. ಅಂಥ ಪತ್ರ ಕೊಟ್ಟವರಿಗೆ ಸ್ಟಾಫ್ ರೂಮಿನಲ್ಲಿ ಸನ್ಮಾನ ಬೇರೆ.

ಮುಂದಿನ ಸಲ ಅಭ್ಯರ್ಥಿ ನಿಮ್ಮ ಶಾಲೆಗೆ ಬಂದಾಗ ಎಷ್ಟು ವರ್ಗಾವಣೆ ಮಾಡಿಸಿದಿರಿ ಎಂದು ಕೇಳಬೇಡಿ. ಹಾಲಿ ಸದಸ್ಯರಾದರೆ 6 ವರ್ಷದಲ್ಲಿ ಕೇಳಿದ ಚುಕ್ಕೆ ಗುರುತಿನ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ) ಪ್ರಶ್ನೆಗಳು ಯಾವುವು, ಮಂತ್ರಿ ಕೊಟ್ಟ ಉತ್ತರ ಏನು, ಅದರಲ್ಲಿ ಕೊಟ್ಟ ಭರವಸೆಯನ್ನು, ಮಂತ್ರಿಗಳ ಮಾತು ಈಡೇರಿತೇ ಎಂದು ನೋಡುವ ಸದನದ ಭರವಸೆಗಳ ಸಮಿತಿಯ ಮುಂದೆ ಬೆನ್ನು ಹತ್ತಿದಿರಾ ಎಂದು ಕೇಳಿ. ಹೊಸಬರಾದರೆ 2014ರ ಕಾಯ್ದೆಯಲ್ಲಿ ಯಾವ ಸಾಲು ತಿದ್ದಬೇಕೆಂದು ಕೇಳಿ. ಚಹಾ ಆರುವ ಮುಂಚೆ ಉತ್ತರ ಬಂದರೆ, 1 ಯಾರಿಗೆ ಬರೆಯಬೇಕೆಂದು ಆಗ ಯೋಚಿಸೋಣ.