ನೀರಿನ ವರದಿ ಸಾಕು, ಕೆಸರಿನ ಲೆಕ್ಕ ಕೊಡಿ

2024ರ ಮೇ ತಿಂಗಳಲ್ಲಿ ಕೊಚ್ಚಿಯ ಬಳಿ ಪೆರಿಯಾರ್ ನದಿಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಏಲೂರು–ಎಡಯಾರ್ ಕೈಗಾರಿಕಾ ಪ್ರದೇಶದ ಪಕ್ಕದ ಪಾತಾಳಂ ಕಟ್ಟೆಯ ಬಾಗಿಲು ತೆರೆದ ಬೆನ್ನಿಗೇ ಕೆಳಗೆ ವರಾಪುಳದ ಕಡೆ ಪಂಜರದಲ್ಲಿ ಮೀನು ಸಾಕಿದವರು ಬೀದಿಗೆ ಬಿದ್ದರು. ಆಮೇಲೆ ಶುರುವಾಯಿತು ವಾದ. ಆಮ್ಲಜನಕ ಕುಸಿದದ್ದೇ ಕಾರಣ ಎಂದಿತು ಮಾಲಿನ್ಯ ನಿಯಂತ್ರಣ ಮಂಡಳಿ. ಅಮೋನಿಯಾ, ಸಲ್ಫೈಡ್ ಅಪಾಯದ ಮಟ್ಟದಲ್ಲಿದ್ದವು ಎಂದಿತು ಮೀನುಗಾರಿಕಾ ವಿಶ್ವವಿದ್ಯಾಲಯ.

ಇದರಲ್ಲಿ ಜಗಳವೇನು ಬಂತು? ಕೆಸರಿನಲ್ಲಿ ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಾಗಳು ಸಲ್ಫೇಟಿನಿಂದ ಉಸಿರಾಡಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಎರಡೂ ಒಟ್ಟಿಗೇ ನಿಜವಾಗಿರಬಹುದು. ಕೇಳಬೇಕಾದ್ದು, ಆ ಆಮ್ಲಜನಕವನ್ನು ತಿಂದು ಮುಗಿಸಿದ್ದು ಯಾವುದು ಎಂದು.

ನದಿ ಕಡಲು ಸೇರುವ ಅಳಿವೆಯಲ್ಲಿ ಬಾಟಲಿಗೆ ತುಂಬಿದ ನೀರು ಆ ಗಳಿಗೆಯ ಸುದ್ದಿಯನ್ನಷ್ಟೇ ಹೇಳುತ್ತದೆ. ಉಪ್ಪುನೀರು ತಾಗಿದ ಕೂಡಲೇ ನದಿ ತಂದ ನವಿರು ಕಣಗಳು ಒಂದಕ್ಕೊಂದು ಅಂಟಿಕೊಂಡು, ಲೋಹಗಳನ್ನೂ ಹೊತ್ತು ತಳಕ್ಕೆ ಇಳಿಯುತ್ತವೆ. ಎಡಯಾರಿನ ಸತುವಿನ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ತಳಕ್ಕಿಳಿದ ಸತುವಿಗೆ ಬೀಗಮುದ್ರೆ ಹಾಕುವವರಾರು?

ಕೆಸರಿನಲ್ಲಿ ಕೂತ ಲೋಹಗಳ ಅಪಾಯವನ್ನು ಅಳೆಯಲು ನಮ್ಮ ಸಂಶೋಧಕರು ಸಾಮಾನ್ಯವಾಗಿ ಹಿಡಿಯುವುದು ಹಾಕನ್ಸನ್ ಸೂಚ್ಯಂಕವನ್ನು. 1980ರಲ್ಲಿ ಸ್ವೀಡನ್ನಿನ ಸರೋವರಗಳಿಗೆಂದು ರೂಪಿಸಿದ್ದು. ಲೋಹ ಸಹಜ ಮಟ್ಟಕ್ಕಿಂತ ಎಷ್ಟು ಪಟ್ಟು ಹೆಚ್ಚಿದೆ ಎಂದು ನೋಡಿ, ಅದನ್ನು ಆ ಲೋಹ ಎಷ್ಟು ವಿಷಕಾರಿ ಎಂಬುದಕ್ಕೆ ಕೊಟ್ಟ ಅಂಕದಿಂದ ಗುಣಿಸುತ್ತಾರೆ: ಪಾದರಸಕ್ಕೆ 40, ಕ್ಯಾಡ್ಮಿಯಂಗೆ 30, ಸತುವಿಗೆ ಬರೀ 1. ಸತುವಿನ ಅದಿರಿನ ಜೊತೆಗೇ ಬರುವ ಕ್ಯಾಡ್ಮಿಯಂ ಚೂರೇ ಇದ್ದರೂ ಅಂಕಿ ಮೇಲೇರುತ್ತದೆ. ಇಲ್ಲಿಯವರೆಗೆ ಸರಿ. ಆದರೆ ‘ಸಹಜ ಮಟ್ಟ’ ಯಾವುದು? ಮುರಕಲ್ಲಿನ ಸೀಮೆಯ ಮಣ್ಣಿನಲ್ಲಿ ಕ್ರೋಮಿಯಂ ಮೊದಲೇ ಹೆಚ್ಚಿರಬಹುದು. ಜಗತ್ತಿನ ಸರಾಸರಿಯನ್ನು ತಂದು ಹೋಲಿಸಿದರೆ ಕಾರ್ಖಾನೆ ಮಾಡದ ತಪ್ಪೂ ಅದರ ತಲೆಗೆ ಬರುತ್ತದೆ. ಈಗಾಗಲೇ ಕೆಟ್ಟ ಮೇಲ್ಪದರವನ್ನೇ ಆಧಾರವಾಗಿಟ್ಟರೆ ಎಲ್ಲರೂ ಸಾಚಾ. ಕೊಳವೆ ಇಳಿಸಿ, ಕಾರ್ಖಾನೆಗಳಿಗೂ ಹಿಂದಿನ ಕಾಲದ ಆಳದ ಪದರವನ್ನು ತೆಗೆಯಬೇಕು. ದುಡ್ಡು ಬೇಕು, ತಾಳ್ಮೆ ಬೇಕು. (ಎರಡನೆಯದು ಇನ್ನೂ ದುಬಾರಿ.)

ಅಷ್ಟಾದರೂ ಅದು ರಸಾಯನದ ಲೆಕ್ಕ ಮಾತ್ರ. ಆ ಕೆಸರಿನಲ್ಲಿ ಬಿಟ್ಟ ಜೀವಿ ಬದುಕುತ್ತದೆಯೇ, ತಳದಲ್ಲಿ ಈಗ ಯಾವ ಹುಳ, ಯಾವ ಚಿಪ್ಪುಜೀವಿ ಉಳಿದಿದೆ, ಇವೆರಡನ್ನೂ ನೋಡದೆ ಕೊಟ್ಟ ‘ಅಪಾಯ ಕಡಿಮೆ’ ಎಂಬ ಪ್ರಮಾಣಪತ್ರವನ್ನು ನಾನಂತೂ ನಂಬುವುದಿಲ್ಲ.

ಇದು ಪಕ್ಕದ ರಾಜ್ಯದ ಕಥೆ ಎಂದು ಮಂಗಳೂರಿನವರು ಸುಮ್ಮನಿರುವಂತಿಲ್ಲ. ನಮ್ಮ ಫಲ್ಗುಣಿ ನದಿಗೂ ಮೇಲೆ ಮರವೂರಿನ ಕಿಂಡಿ ಅಣೆಕಟ್ಟು, ಕೆಳಗೆ ಬೈಕಂಪಾಡಿಯ ಕಾರ್ಖಾನೆಗಳು, ಮುಂದೆ ನೇತ್ರಾವತಿಯೊಡನೆ ಕೂಡುವ ಅಳಿವೆ. ನಾವು ಸುಕ್ಕ ಮಾಡಿ ಚಪ್ಪರಿಸುವ ಚಿಪ್ಪುಜೀವಿ ಮರುವಾಯಿ ಎಲ್ಲಿಗೂ ಓಡಿಹೋಗದೆ ತಳದಲ್ಲೇ ಕುಳಿತು, ದಿನವಿಡೀ ನೀರನ್ನು ಒಳಗೆಳೆದು ಸೋಸುತ್ತದೆ. ಅದರ ಮಾಂಸದಲ್ಲಿ ಕ್ಯಾಡ್ಮಿಯಂ, ಸೀಸ, ಪಾದರಸ ಎಷ್ಟಿದೆ ಎಂದು ವರ್ಷವರ್ಷ ಅಳೆದು, ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಲಿ. ಮಾದರಿ ತೆಗೆಯುವುದು ಹೊಳೆ ತುಂಬಿ ಎಲ್ಲವೂ ತೆಳುವಾಗುವ ಜುಲೈಯಲ್ಲಿ ಮಾತ್ರ ಬೇಡ. ಅಣೆಕಟ್ಟಿಗೆ ಹಲಗೆ ಬಿದ್ದು ಹರಿವು ಸೊರಗಿದ ಏಪ್ರಿಲ್‌ನಲ್ಲೂ ತೆಗೆಯಲಿ, ಮರುವಾಯಿ ಹೆಕ್ಕುವವರನ್ನೇ ದೋಣಿಯಲ್ಲಿ ಕೂರಿಸಿಕೊಂಡು.