ಧಾರವಾಡದ ಅಂಗಳಕ್ಕೆ ಡಲ್ಲಾಸಿನ ರೋಟರ್ ಯಾಕೆ?

ಧಾರವಾಡದಿಂದ ಕಾಕಾನ ಮಗ ಫೋನ್ ಮಾಡಿದಾಗಲೆಲ್ಲ ಒಂದೇ ಬೇಡಿಕೆ. "ಅಣ್ಣಾ, ಬರೋವಾಗ ಆ ತಿರುಗೋ ಸ್ಪ್ರಿಂಕ್ಲರ್ ನಾಕು ತಗೊಂಡು ಬಾ." ಅವನು ಕೇಳೋದು ಗೇರ್ ರೋಟರ್. ನೆಲದೊಳಗೆ ಹುದುಗಿರುತ್ತದೆ. ನೀರು ಬಿಟ್ಟರೆ ನಾಲ್ಕು ಇಂಚು ಮೇಲೇಳುತ್ತದೆ, ಒಂದು ಧಾರೆ ಎಸೆಯುತ್ತ ಸದ್ದಿಲ್ಲದೆ ತಿರುಗುತ್ತದೆ. ಡಲ್ಲಾಸಿನ ನಮ್ಮ ಓಣಿಯಲ್ಲಿ ಬಹಳ ಮನೆಗಳಲ್ಲಿದೆ. ಚೆಂದ ಕಾಣುತ್ತದೆ, ಸುಳ್ಳಲ್ಲ. ಆದರೂ ನನ್ನ ಉತ್ತರ ಬದಲಾಗೋದಿಲ್ಲ: ನಿನ್ನ ಮನೆಗೆ ಅದು ಬೇಡ.

ಮೊದಲು ಪ್ರೆಷರ್ ಮಾತು. ರೋಟರಿನೊಳಗೆ ಒಂದು ಸಣ್ಣ ಟರ್ಬೈನ್ ಇರುತ್ತದೆ. ನೀರಿನ ಒತ್ತಡಕ್ಕೆ ಅದು ಭರ್ರನೆ ತಿರುಗುತ್ತದೆ. ಗೇರುಗಳು ಆ ವೇಗ ಇಳಿಸಿ ತಲೆಯನ್ನು ನಿಧಾನಕ್ಕೆ ತಿರುಗಿಸುತ್ತವೆ. ಇದಕ್ಕೆ 2 ಕೇಜಿ (ಅಂದರೆ ಚದರ ಸೆಂಟಿಮೀಟರಿಗೆ ಅಷ್ಟು) ಪ್ರೆಷರ್ ಆದರೂ ಬೇಕು, 3 ಇದ್ದರೆ ಒಳ್ಳೇದು. ಇಲ್ಲಿ ನಳದಲ್ಲೇ ಅಷ್ಟಿರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇಡೀ ದಿನ ನೀರು ಬರುವ ವಾರ್ಡುಗಳೂ ಇವೆ. ಆದರೆ ಎಷ್ಟೋ ಮನೆಗಳಲ್ಲಿ ಮಲಪ್ರಭೆ ನೀರು ಸರದಿ ಮೇಲೆ ಬರುತ್ತದೆ, ಸಂಪಿನಲ್ಲಿ ತುಂಬುತ್ತದೆ, ಮೋಟರ್ ಹಚ್ಚಿದರೆ ಟಾಕಿಗೆ ಏರುತ್ತದೆ. ನೆಲದಿಂದ 10 ಮೀಟರ್ ಮೇಲಿರುವ ಟಾಕಿ ಕೊಡೋದು 1 ಕೇಜಿ ಅಷ್ಟೇ. ಒಂದಂತಸ್ತಿನ ಮನೆಯಾದರೆ ಹೆಚ್ಚುಕಡಿಮೆ ಅದರ ಅರ್ಧ. ಅಷ್ಟರಲ್ಲಿ ರೋಟರ್ ನೆಟ್ಟಗೆ ಮೇಲೇಳೋದೂ ಕಷ್ಟ. ಕುತ್ತಿಗೆ ಸುತ್ತ ನೀರು ಉಕ್ಕಿ ಕೆಸರಾಗುತ್ತದೆ. ಸೀಲ್ ಹೋಗಿದೆ ಅಂತ ಜನ ಹೊಸದು ತಂದು ಹಾಕುತ್ತಾರೆ. ಅದೂ ಉಕ್ಕುತ್ತದೆ.

"ಪಂಪ್ ಕೂಡಿಸಿದ್ರ ಆತಲ್ಲ?" ಅಂತಾನೆ. ಕೂಡಿಸಬಹುದು. ಆದರೆ ಒಂದು ರೋಟರಿಗೆ ನಿಮಿಷಕ್ಕೆ ಸುಮಾರು 10 ಲೀಟರ್ ಬೇಕು. ನಾಲ್ಕು ರೋಟರ್ ಅರ್ಧ ತಾಸು ಬಿಟ್ಟರೆ 1,200 ಲೀಟರ್. ಮುಂದಿನ ಸರದಿ ಯಾವಾಗ ಅಂತ ಕಾಯುವ ಮನೆಯಲ್ಲಿ ಈ ಲೆಕ್ಕವನ್ನು ಕಾಕೂನ ಮುಂದೆ ಹೇಳುವ ಧೈರ್ಯ ಅವನಿಗಿದ್ದರೆ ಹೇಳಲಿ.

ಇನ್ನು ಜಾಗ. ಇವು 25ರಿಂದ 50 ಅಡಿ ದೂರ ನೀರು ಎಸೆಯೋಕೆ ಮಾಡಿದವು. ನಾಜಲ್ ಮೇಲಿನ ಸ್ಕ್ರೂ ತಿರುಗಿಸಿ ಕಾಲು ಭಾಗ ತಗ್ಗಿಸಬಹುದು, ಅದಕ್ಕಿಂತ ಜಾಸ್ತಿ ಆಗೋದಿಲ್ಲ. 30-40 ಸೈಟಿನಲ್ಲಿ ಮನೆ ಕಟ್ಟಿ ಉಳಿಯೋದು ಹತ್ತಡಿ ಹುಲ್ಲು. ಮಿಕ್ಕ ನೀರು ಎದುರುಮನೆಯವರ ಸ್ಕೂಟರಿಗೆ. ಅಷ್ಟು ಅಂಗಳಕ್ಕೆ ಸಂಜೆ ಪೈಪ್ ಹಿಡಿದು ನಿಂತರೆ ಸಾಕು, ಓಣಿಯ ಸುದ್ದಿಯೂ ಸಿಗುತ್ತದೆ.

ಕಾಲೇಜು, ಕಲ್ಯಾಣ ಮಂಟಪ, ಮೈದಾನದ ಲಾನ್ ಆದರೆ ಮಾತು ಬೇರೆ. ಅಲ್ಲಿ ರೋಟರೇ ಸರಿ ಅಂತ ನಾನೇ ಹೇಳುತ್ತೇನೆ. ಅದರಲ್ಲೂ ನವಲಗುಂದ, ಗದಗ ಕಡೆಯ ಎರೆ ಮಣ್ಣಿಗೆ. ಡಲ್ಲಾಸಿನ ಮಣ್ಣೂ ಇದೇ ಜಾತಿ: ಒಣಗಿದರೆ ಬಿರುಕು, ನೆನೆದರೆ ಅಂಟು. ಬಿರುಕು ಮುಚ್ಚಿದ ಮೇಲೆ ನೀರು ಇಂಗೋದು ಬಹಳ ನಿಧಾನ. ತಿರುಗದೆ ಒಂದೇ ಸಮ ಚಿಮ್ಮುವ ಸ್ಪ್ರೇ ತಲೆಗಳು ತಾಸಿಗೆ ಒಂದೂವರೆ ಇಂಚು ಸುರಿಯುತ್ತವೆ, ಅರ್ಧ ನೀರು ರಸ್ತೆಗೇ ಹೋಗುತ್ತದೆ. ರೋಟರ್ ಅರ್ಧ ಇಂಚಿನ ಆಸುಪಾಸು. ಅದನ್ನೂ ಒಂದೇ ಸಲಕ್ಕೆ ಬಿಡದೆ ಹತ್ತು ನಿಮಿಷ ಬಿಟ್ಟು, ತಾಸು ತಡೆದು, ಮತ್ತೆ ಹತ್ತು ನಿಮಿಷ ಬಿಡಬೇಕು. ಡಲ್ಲಾಸಿನಲ್ಲಿ 2012ರಿಂದ ಲಾನಿಗೆ ವಾರಕ್ಕೆ ಎರಡೇ ದಿನ ನೀರು ಅನ್ನೋದು ಕಾಯಂ ನಿಯಮ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಬಿಡೋ ಹಾಗೇ ಇಲ್ಲ. ಹುಲ್ಲೇನೂ ಸಾಯಲಿಲ್ಲ. ಬರ್ಮುಡಾ ಅಂತ ಇಲ್ಲಿ ಮಾರುವುದು ನಾವು ಗಣಪ್ಪನಿಗೆ ಏರಿಸುವ ಕರಿಕೆಯನ್ನೇ. ಅದು ಅಷ್ಟು ಸುಲಭಕ್ಕೆ ಸಾಯೋದಿಲ್ಲ.

ಒಂದು ರೋಟರಿನ ಧಾರೆ ಪಕ್ಕದ ರೋಟರನ್ನು ಮುಟ್ಟಬೇಕು. ಕಾಲು ಸುತ್ತು ತಿರುಗುವುದು ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಮೂಲೆಯ ಕಾಲು ಸುತ್ತಿಗೆ ಒಂದು ಪಾಲು ನೀರಿನ ನಾಜಲ್, ಅರ್ಧ ಸುತ್ತಿಗೆ ಎರಡು ಪಾಲು, ಪೂರ್ತಿ ಸುತ್ತಿಗೆ ನಾಲ್ಕು ಪಾಲು. ಇಲ್ಲಿನ ಎಷ್ಟೋ ಗುತ್ತಿಗೆದಾರರು ಎಲ್ಲಕ್ಕೂ ಒಂದೇ ನಾಜಲ್ ತುರುಕಿ ಹೋಗುತ್ತಾರೆ. ಮೂಲೆ ಜೌಗು, ನಡುವೆ ಬೋಳು.

ರಿಪೇರಿ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಪೂರ್ತಿ ನಮ್ಮೂರಿನದು. ಹಾವೇರಿ ಕಡೆ ಶೇಂಗಾ ಹೊಲದಲ್ಲಿ ಟಕ್ ಟಕ್ ಅಂತ ಹೊಡೆದುಕೊಳ್ಳುವ ಜೆಟ್ ನೋಡಿರುತ್ತೀರಿ. 1933ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟನ್ ಎಂಗಲ್‌ಹಾರ್ಟ್ ಮಾಡಿದ ಯಂತ್ರ ಅದು. ಸ್ಪ್ರಿಂಗ್ ಹೋದರೆ ಸ್ಪ್ರಿಂಗ್, ವಾಷರ್ ಹೋದರೆ ವಾಷರ್. ಎಲ್ಲ ಕಣ್ಣಿಗೆ ಕಾಣುತ್ತದೆ, ರೈತ ಬದುವಿನ ಮೇಲೆ ಕೂತೇ ಸರಿ ಮಾಡುತ್ತಾನೆ. ಗೇರ್ ರೋಟರ್ ಹಾಗಲ್ಲ, ಗೇರ್ ಡಬ್ಬಿ ಮುಚ್ಚಿ ಬಿಟ್ಟಿರುತ್ತಾರೆ. ಕೆಟ್ಟರೆ ಇಲ್ಲಿನವರು ನೆಲ ಅಗೆದು ಇಡೀ ರೋಟರನ್ನೇ ಕಿತ್ತು ಎಸೆಯುತ್ತಾರೆ. ಬೇಕಾಗೇ ಇಲ್ಲ. ಮೇಲಿನ ಮುಚ್ಚಳ ತಿರುವಿ ಒಳಗಿನದನ್ನು ಎತ್ತಿ, ಅದೇ ಮಾಡೆಲ್ಲಿನ ಹೊಸದರ ಒಳಭಾಗ ಇಳಿಸಿದರೆ ಮುಗಿಯಿತು. ಹೊರಗಿನ ಕೊಳವೆ ಮಣ್ಣಲ್ಲೇ ಇರಲಿ. ಅದಕ್ಕೇ ಇಡೀ ಮೈದಾನಕ್ಕೆ ಒಂದೇ ಕಂಪನಿಯ ಒಂದೇ ಮಾಡೆಲ್ ಹಾಕಿಸಿ. ಅಗ್ಗಕ್ಕೆ ಸಿಕ್ಕಿತು ಅಂತ ನಾಲ್ಕು ಥರದ್ದು ಬೆರೆಸಬೇಡಿ.

ಅಮೆರಿಕದಿಂದ ತರಿಸಲೂ ಬೇಡಿ. ಇಲ್ಲಿನ ಮುಕ್ಕಾಲು ಇಂಚಿನ ಥ್ರೆಡ್ ಎನ್‌ಪಿಟಿ ಅನ್ನೋ ಅಮೆರಿಕನ್ ಅಳತೆಯದು, ನಮ್ಮಲ್ಲಿ ಬಿಎಸ್‌ಪಿ ಅನ್ನೋ ಬ್ರಿಟಿಷ್ ಅಳತೆಯದು. ಇಂಚಿಗೆ ಎರಡಕ್ಕೂ 14 ಸುತ್ತು, ಆದರೆ ಹಲ್ಲಿನ ಕೋನ ಬೇರೆ: ಎನ್‌ಪಿಟಿ 60 ಡಿಗ್ರಿ, ಬಿಎಸ್‌ಪಿ 55. ಕೂತ ಹಾಗೆ ಕಾಣುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ಬಿಗಿದರೆ ಪ್ಲಾಸ್ಟಿಕ್ ಸೀಳಲೂಬಹುದು. ಬಿಎಸ್‌ಪಿ ಥ್ರೆಡ್ಡಿನವೇ ಬರುತ್ತವೆ, ಅವನ್ನೇ ಕೇಳಿ ಕೊಳ್ಳಿ.

ಪೂರ್ತಿ ಬದಲಿಸಲೇಬೇಕಾದರೆ, ಹೊಸದನ್ನು ಕೂಡಿಸುವ ಮೊದಲು ಬರೀ ಪೈಪಿನಿಂದ ಒಂದಿಷ್ಟು ನೀರು ಹರಿಯಬಿಡಿ. ಅಗೆದಾಗ ಬಿದ್ದ ಮಣ್ಣು ಹೋಗಲಿ. ಬೋರ್ ನೀರಾದರೆ ಪಂಪಿನ ಹತ್ತಿರವೇ ಫಿಲ್ಟರ್ ಇರಲಿ. ರೋಟರಿನ ತಳದಲ್ಲೂ ಒಂದು ಸಣ್ಣ ಜಾಲರಿ ಇರುತ್ತದೆ. ತಲೆ ತಿರುಗದೆ ನಿಂತರೆ ಅಂಗಡಿಗೆ ಓಡುವ ಮೊದಲು ಅದನ್ನು ತೆಗೆದು ತೊಳೆದು ನೋಡಿ.